ಮೂತ್ರ ಒಂದು ಸಲ ಕೆಂಪಗೆ ಬಂತು, ತಾನಾಗೇ ನಿಂತೂ ಹೋಯ್ತು, ಆದ್ರೂ ಡಾಕ್ಟ್ರಿಗೆ ತೋರಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮ ಯಜಮಾನ್ರಿಗೆ 54 ವರ್ಷ, ತಿಪಟೂರಲ್ಲಿ ಕೊಬ್ಬರಿ ಮಂಡಿಯಲ್ಲಿ ಕೆಲಸ. ಮೂರು ವಾರದ ಹಿಂದೆ ಬೆಳಿಗ್ಗೆ ಒಂದಕ್ಕೆ ಹೋದಾಗ ಪೂರ್ತಿ ಕೆಂಪಗೆ ಬಂತು, ಆ ದಿನ ಎರಡ್ಮೂರು ಸಲ ಹಾಗೇ ಆಯ್ತು. ನೋವು, ಉರಿ, ಜ್ವರ ಏನೂ ಇರ್ಲಿಲ್ಲ. ಉಷ್ಣ ಆಗಿದೆ ಅಂತ ಎಳನೀರು ಕುಡಿದ್ರು, ಮೆಡಿಕಲ್ ಶಾಪಲ್ಲಿ ಕೇಳಿ ಮೂರು ದಿನ ಮಾತ್ರೆ ತಗೊಂಡ್ರು, ನಿಂತೋಯ್ತು. ಈಗ ಆಸ್ಪತ್ರೆಗೆ ಹೋಗೋಣ ಅಂದ್ರೆ "ನಿಂತ್ಮೇಲೆ ಏನು ತೋರಿಸೋದು" ಅಂತ ರೇಗ್ತಾರೆ. 25 ವರ್ಷದಿಂದ ಬೀಡಿ ಸೇದ್ತಾರೆ. ನಾನೇ ಬಾತ್‌ರೂಮಲ್ಲಿ ನೋಡಿ ಕೇಳಿದ್ದಕ್ಕೆ ಹೇಳಿದ್ರು, ಇಲ್ಲಾಂದ್ರೆ ಹೇಳ್ತಾನೇ ಇರ್ಲಿಲ್ಲ. ಮಗ ಬೆಂಗಳೂರಲ್ಲಿದ್ದಾನೆ, ಅವನಿಗೂ ಹೇಳ್ಬೇಡ ಅಂದಿದ್ದಾರೆ. ಅವರಿಗೆ ಗೊತ್ತಾಗದ ಹಾಗೆ ಯೂರಿನ್ ಟೆಸ್ಟ್ ಮಾಡಿಸ್ಬಹುದಾ?

ಉತ್ತರ: ಅಮ್ಮಾ, ನೀವು ನೋಡಿದ್ದು ಒಳ್ಳೇದಾಯ್ತು, ಬರೆದಿದ್ದು ಇನ್ನೂ ಒಳ್ಳೇದಾಯ್ತು. ಮೊದಲು ನೇರವಾಗಿ ಉತ್ತರ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ವಿವರಿಸ್ತೀನಿ. ತೋರಿಸ್ಲೇಬೇಕು, ಅದೂ ಈ ವಾರದಲ್ಲೇ. ನಿಂತಿದೆ ಅನ್ನೋ ಕಾರಣಕ್ಕೆ ಬಿಡೋ ಹಾಗಿಲ್ಲ. ನಿಂತಿದ್ದನ್ನ ವಾಸಿಯಾಗಿದ್ದು ಅಂತ ಲೆಕ್ಕ ಹಾಕೋದೇ ನಮ್ಮ ಗಂಡಸರು ಮಾಡೋ ದೊಡ್ಡ ತಪ್ಪು, ನಾನು ಯುರಾಲಜಿ (ಮೂತ್ರದ ಕಾಯಿಲೆಗಳ ವಿಭಾಗ) ಓಪಿಡಿಯಲ್ಲಿ ಕೂತು ಈ ಒಂದು ಮಾತನ್ನ ಹೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಹೇಳಿಲ್ಲ.

ಯಾಕೆ ಅಂದ್ರೆ, ಮೂತ್ರಕೋಶದ ಒಳಗೆ ಗೆಡ್ಡೆ ಬೆಳೆಯೋಕೆ ಶುರುವಾದಾಗ ಅದು ಹೆಚ್ಚಾಗಿ ಹೂಕೋಸಿನ ಚಿಕ್ಕ ಎಸಳುಗಳ ಹಾಗೆ ಒಳಗೋಡೆಗೆ ಅಂಟಿಕೊಂಡಿರುತ್ತೆ. ಎಸಳು ತುಂಬಾ ನಾಜೂಕು. ಮೂತ್ರಕೋಶ ತುಂಬಿದಾಗ ಹಿಗ್ಗುತ್ತೆ, ಖಾಲಿ ಆದಾಗ ಕುಗ್ಗುತ್ತೆ, ದಿನಕ್ಕೆ ಏಳೆಂಟು ಸಲ ಹೀಗೆ ಆಗೋವಾಗ ಯಾವುದೋ ಒಂದು ಎಸಳಿನ ತುದಿ ಕಿತ್ತು ರಕ್ತ ಬರುತ್ತೆ, ಆಮೇಲೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಬಾಯಿ ಮುಚ್ಚಿಕೊಳ್ಳುತ್ತೆ, ರಕ್ತ ನಿಲ್ಲುತ್ತೆ. ಗೆಡ್ಡೆ ಮಾತ್ರ ಅಲ್ಲೇ ಇರುತ್ತೆ. ಒಂದು ತಿಂಗಳು, ಎರಡು ತಿಂಗಳು, ಕೆಲವರಿಗೆ ಆರು ತಿಂಗಳೂ ಏನೂ ಕಾಣ್ಸಲ್ಲ, ಮತ್ತೆ ಒಂದು ದಿನ ಕೆಂಪಗೆ ಬರುತ್ತೆ. ನೋವು ಇರಲ್ಲ. ನೋವಿಲ್ಲ ಅಂತ ನಿಮ್ಮ ಯಜಮಾನ್ರು ಧೈರ್ಯವಾಗಿದ್ದಾರೆ, ನನಗೆ ಅದೇ ಜಾಸ್ತಿ ಯೋಚನೆ. ಕಿಡ್ನಿ ಕಲ್ಲಿಂದ ರಕ್ತ ಬಂದ್ರೆ ಸಾಮಾನ್ಯವಾಗಿ ಪಕ್ಕೆಯಿಂದ ಹೊಟ್ಟೆ ಕೆಳಗಿನ ತನಕ ಹಿಂಡೋ ನೋವು ಬಂದು ಮನುಷ್ಯ ಒದ್ದಾಡಿಹೋಗ್ತಾನೆ, ಸೋಂಕಿದ್ರೆ ಉರಿ ಇರುತ್ತೆ, ಪದೇ ಪದೇ ಹೋಗ್ಬೇಕು ಅನ್ಸುತ್ತೆ. ಏನೂ ಇಲ್ಲದೆ ಬರೀ ಕೆಂಪಗೆ ಬಂದ್ರೆ, ಅದೂ ಐವತ್ತು ದಾಟಿದ, ಬೀಡಿ ಸೇದೋ ಗಂಡಸಿಗೆ ಬಂದ್ರೆ, ಬೇರೆ ಏನೇ ಇರಲಿ ಮೊದಲು ಮೂತ್ರಕೋಶದ ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಬೇಕು ಅಂತಲೇ ನಮಗೆಲ್ಲ ಕಲಿಸಿರೋದು.

ಹೆದರ್ಬೇಡಿ, ಅದೇ ಇದೆ ಅಂತ ನಾನು ಹೇಳ್ತಿಲ್ಲ. ಹೀಗೆ ಕಣ್ಣಿಗೆ ಕಾಣೋ ಹಾಗೆ ರಕ್ತ ಬಂದವರನ್ನ ಪೂರ್ತಿ ಪರೀಕ್ಷೆ ಮಾಡಿದ್ರೆ ಹತ್ತು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಕ್ಯಾನ್ಸರ್ ಸಿಗುತ್ತೆ, ಉಳಿದವರಿಗೆ ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ದಪ್ಪ ಆಗಿರೋದೋ, ಸದ್ದಿಲ್ಲದ ಕಲ್ಲೋ, ಸೋಂಕೋ ಇರುತ್ತೆ, ಕೆಲವರಿಗೆ ಏನೂ ಸಿಗೋದೇ ಇಲ್ಲ. ಆದ್ರೆ ಆ ಒಬ್ಬರು ಯಾರು ಅಂತ ಮನೇಲಿ ಕೂತು ಎಳನೀರು ಕುಡಿದು ಗೊತ್ತಾಗಲ್ಲ ಅಲ್ವಾ.

ಉಷ್ಣದ ವಿಷಯ ಸ್ವಲ್ಪ ಮಾತಾಡ್ಲೇಬೇಕು. ನಮ್ಮ ಕಡೆ ಕಣ್ಣು ಉರಿದ್ರೂ ಉಷ್ಣ, ಬಾಯಿ ಹುಣ್ಣಾದ್ರೂ ಉಷ್ಣ, ಮೂತ್ರದಲ್ಲಿ ಏನೇ ಆದ್ರೂ ಉಷ್ಣ. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದ್ರೆ ಮೂತ್ರ ಗಾಢ ಹಳದಿ ಆಗಿ ಉರಿಯೋದು ನಿಜ, ಅದಕ್ಕೆ ಎಳನೀರು, ಮಜ್ಜಿಗೆ, ಬಾರ್ಲಿ ನೀರು, ಜೀರಿಗೆ ನೀರು ಕುಡಿದ್ರೆ ಆರಾಮ ಆಗೋದೂ ನಿಜ, ನಮ್ಮಜ್ಜಿ ಕೊಡ್ತಿದ್ದಿದ್ದನ್ನ ನಾನೂ ಕುಡಿದು ಬೆಳೆದವನೇ. ಆದ್ರೆ ಉಷ್ಣ ಎಷ್ಟೇ ಆದ್ರೂ ಮೂತ್ರದಲ್ಲಿ ರಕ್ತ ಬರಲ್ಲ, ರಕ್ತ ಬರ್ಬೇಕು ಅಂದ್ರೆ ಒಳಗೆ ಎಲ್ಲೋ ಗಾಯ ಆಗಿರ್ಬೇಕು ಇಲ್ಲಾ ಏನೋ ಬೆಳೆದಿರ್ಬೇಕು. ಮೂರು ದಿನದ ಮಾತ್ರೆ ಕತೆಯೂ ಅಷ್ಟೇ, ತಾನಾಗೇ ನಿಲ್ಲೋ ರಕ್ತ ಮಾತ್ರೆ ತಗೊಂಡಾಗ ನಿಂತಿದೆ, ಹೆಸರು ಮಾತ್ರೆಗೆ ಬಂದಿದೆ. ಮುಂದಿನ ಸಲ ಬಂದಾಗ ಮತ್ತೆ ಅದೇ ಅಂಗಡಿಗೆ ಹೋಗಿ ಅದೇ ಮಾತ್ರೆ ತಗೋತಾರೆ, ಮತ್ತೆ ನಿಲ್ಲುತ್ತೆ, ಹೀಗೇ ವರ್ಷ ಕಳೆಯುತ್ತೆ. ಹೆಂಗಸರಿಗೂ ಇದೇ ರೀತಿ ಸೋಂಕು ಅಂತ ಮಾತ್ರೆ ಕೊಟ್ಟು ತಡ ಮಾಡೋದುಂಟು, ಅದು ಬೇರೆ ವಿಷಯ.

ಒಂದು ಮಾತು, ಕೆಂಪಗೆ ಕಂಡಿದ್ದೆಲ್ಲ ರಕ್ತ ಅಲ್ಲ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ರೆ ಕೆಲವರಿಗೆ ಗುಲಾಬಿ ಬಣ್ಣ ಬರುತ್ತೆ, ಟಿಬಿಗೆ ಕೊಡೋ ರಿಫಾಂಪಿಸಿನ್ ಮಾತ್ರೆಯಿಂದ ಕಿತ್ತಳೆ-ಕೆಂಪು ಬಣ್ಣ ಬರುತ್ತೆ. ಅವರು ಟಿಬಿ ಮಾತ್ರೆ ತಗೋತಿಲ್ಲ ಅಂದ್ಕೋತೀನಿ. ಇನ್ನೊಂದು, ಒಂದು ಲೀಟರ್ ಮೂತ್ರದಲ್ಲಿ ಬರೀ ಒಂದು ಮಿಲಿ ರಕ್ತ ಬೆರೆತ್ರೂ ಬಣ್ಣ ಬದಲಾಗುತ್ತೆ, ಅದಕ್ಕೆ ಕೆಂಪು ನೋಡಿ "ಮೈಯಲ್ಲಿರೋ ರಕ್ತ ಎಲ್ಲಾ ಹೋಯ್ತು" ಅಂತ ಗಾಬರಿ ಬೇಡ. ಹಾಗೇ ತಿಳಿ ಗುಲಾಬಿ ಬಂತು ಅಂತ ಹಗುರವಾಗಿ ತಗೊಳ್ಳೋದೂ ಬೇಡ, ಎಷ್ಟು ಕೆಂಪು ಅನ್ನೋದಕ್ಕೂ ಕಾಯಿಲೆ ಎಷ್ಟು ದೊಡ್ಡದು ಅನ್ನೋದಕ್ಕೂ ಸಂಬಂಧ ಇಲ್ಲ.

ಬೀಡಿ ಅಂದ್ರೆ ಎಲ್ಲರಿಗೂ ಶ್ವಾಸಕೋಶ ಒಂದೇ ನೆನಪಾಗೋದು. ಹೊಗೆಯಲ್ಲಿರೋ ವಿಷ ರಕ್ತಕ್ಕೆ ಸೇರುತ್ತೆ, ರಕ್ತವನ್ನ ಕಿಡ್ನಿ ಸೋಸುತ್ತೆ, ಸೋಸಿದ ಕಸ ಎಲ್ಲಾ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತೆ, ಅದರ ಒಳಪದರ ವರ್ಷಗಟ್ಟಲೆ ಆ ನೀರಲ್ಲೇ ನೆನೀತಿರುತ್ತೆ. ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟಕ್ಕೆ ತಂಬಾಕಿನ ಹೊಗೆಯೇ ಕಾರಣ, ಹೆಂಗಸರಿಗಿಂತ ಗಂಡಸರಿಗೆ ಇದು ಮೂರ್ನಾಲ್ಕು ಪಟ್ಟು ಜಾಸ್ತಿ. ಬಣ್ಣ ಹಾಕೋ ಕಾರ್ಖಾನೆ, ರಬ್ಬರ್, ಚರ್ಮ ಹದ ಮಾಡೋ ಕಡೆ ಕೆಲಸ ಮಾಡಿದವರಿಗೂ ಬರುತ್ತೆ. ಮಂಡಿಗೆ ಬರೋಕೆ ಮುಂಚೆ ಅವರು ಎಲ್ಲಾದ್ರೂ ಹಾಗೆ ಕೆಲಸ ಮಾಡಿದ್ರಾ ಅಂತ ಕೇಳಿಟ್ಕೊಳ್ಳಿ, ಡಾಕ್ಟ್ರು ಕೇಳ್ತಾರೆ.

ಇನ್ನು ಗಂಡಸರು ಯಾಕೆ ಹೇಳಲ್ಲ, ಯಾಕೆ ಬರಲ್ಲ ಅನ್ನೋದು. ನನ್ನ ಸೋದರಮಾವ ಒಬ್ಬರಿದ್ರು, ಅಡಿಕೆ ವ್ಯಾಪಾರ, ನಾಲ್ಕೂರಿನ ಪಂಚಾಯ್ತಿ ಮಾಡೋ ಜೋರಿನ ಮನುಷ್ಯ. ನಾನಾಗ ಎಂಬಿಬಿಎಸ್ ಮೂರನೇ ವರ್ಷ. ಅವರಿಗೆ ಮೂತ್ರದಲ್ಲಿ ರಕ್ತ ಬರೋಕೆ ಶುರುವಾಗಿ ಹನ್ನೊಂದು ತಿಂಗಳಾದ್ಮೇಲೆ ನಮಗೆ ಗೊತ್ತಾಯ್ತು, ಅದೂ ರಕ್ತದ ಗರಣೆ ಸಿಕ್ಕಿಕೊಂಡು ಒಂದಕ್ಕೆ ಕಟ್ಟಿ ರಾತ್ರೋರಾತ್ರಿ ಜೀಪಲ್ಲಿ ಕರ್ಕೊಂಡು ಹೋದಾಗ. ಮನೇಲಿ ಡಾಕ್ಟರ್ ಓದ್ತಿರೋ ಅಳಿಯ ಇದ್ದೆ ನಾನು, ಹಬ್ಬಕ್ಕೆ ಬಂದಾಗ ಪಕ್ಕದಲ್ಲೇ ಕೂತು ಊಟ ಮಾಡಿದ್ದೀನಿ, ಒಂದು ಮಾತು ಹೇಳ್ಲಿಲ್ಲ. ಅಷ್ಟೊತ್ತಿಗೆ ಗೆಡ್ಡೆ ಮೂತ್ರಕೋಶದ ಮಾಂಸದ ಗೋಡೆ ದಾಟಿತ್ತು. ಎರಡು ವರ್ಷ ಇದ್ರು. ಆಸ್ಪತ್ರೆಯಲ್ಲಿ ಒಂದಿನ ಕೇಳಿದೆ, ಯಾಕೆ ಮಾವ ಹೇಳ್ಲಿಲ್ಲ ಅಂತ. "ಅಲ್ಲಿಂದ ರಕ್ತ ಬರ್ತಿದೆ ಅಂತ ಹೆಂಗೋ ಹೇಳೋದು" ಅಂದ್ರು. ಕಾಲಿಂದ ಬಂದಿದ್ರೆ ಅವತ್ತೇ ಹೇಳ್ತಿದ್ರು. ನಾನು ಯುರಾಲಜಿ ತಗೊಂಡಿದ್ದಕ್ಕೆ ಬೇರೆ ಕಾರಣಗಳೂ ಇದಾವೆ, ಆದ್ರೆ ಆ ಮಾತು ಮಾತ್ರ ಮನಸ್ಸಿಂದ ಹೋಗಿಲ್ಲ.

ನಾಚಿಕೆ ಒಂದು. ಇನ್ನೊಂದು ಏನಂದ್ರೆ ಹೆಂಗಸರಿಗೆ ಬಸುರಿ, ಬಾಣಂತನ, ಮಕ್ಕಳ ಚುಚ್ಚುಮದ್ದು ಅಂತ ಆಸ್ಪತ್ರೆಯ ಬಾಗಿಲು ಇಪ್ಪತ್ತರ ವಯಸ್ಸಲ್ಲೇ ಪರಿಚಯ ಆಗಿರುತ್ತೆ, ಆಶಾ ಕಾರ್ಯಕರ್ತೆ ಮನೆಗೇ ಬರ್ತಾರೆ. ಗಂಡಸು ಶಾಲೆ ಬಿಟ್ಮೇಲೆ ಐವತ್ತರ ತನಕ ಡಾಕ್ಟ್ರ ಮುಂದೆ ಕೂತೇ ಇರಲ್ಲ, ಬೇರೆಯವರನ್ನ ಕರ್ಕೊಂಡು ಬಂದು ಹೊರಗೆ ಟೀ ಕುಡೀತಾ ನಿಂತಿರ್ತಾನೆ. ಒಂದು ದಿನ ಕೆಲಸ ಬಿಟ್ರೆ ಆ ದಿನದ ಕೂಲಿ ಹೋಯ್ತು ಅನ್ನೋದೂ ಸುಳ್ಳಲ್ಲ. ಎಲ್ಲಕ್ಕಿಂತ ದೊಡ್ಡದು ಭಯ, ಹೋದ್ರೆ ಏನೋ ಹೇಳ್ಬಿಡ್ತಾರೆ ಅನ್ನೋ ಭಯ. ನಿಮ್ಮ ಯಜಮಾನ್ರು ರೇಗೋದು ಸಿಟ್ಟಿಂದ ಅಲ್ಲ ಅಂತ ನನಗನ್ಸುತ್ತೆ, ಅವರಿಗೂ ಒಳಗೊಳಗೇ ಅನುಮಾನ ಇದೆ, ಅದಕ್ಕೇ ಮಗನಿಗೆ ಹೇಳ್ಬೇಡ ಅಂದಿದ್ದಾರೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಬರೀ 46ರ ವಯಸ್ಸಿಗೆ ಹೋದಾಗ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಹೃದಯ ತೋರಿಸೋರ ಸಾಲು ನೋಡಿದ್ರಲ್ಲ, ಏನೂ ತೊಂದರೆ ಇಲ್ಲದ ಹುಡುಗರೂ ಓಡಿ ಬಂದಿದ್ರು. ಭಯ ಊರಿಗೆಲ್ಲ ಒಟ್ಟಿಗೆ ಬಂದ್ರೆ ಗಂಡಸರು ಬರ್ತಾರೆ, ತನ್ನೊಬ್ಬನ ಮೈಯಲ್ಲಿ ಏನೋ ಆದ್ರೆ ಬಚ್ಚಿಟ್ಕೊಳ್ತಾರೆ.

ಈಗ ಆಸ್ಪತ್ರೆಗೆ ಹೋದ್ರೆ ಏನು ಮಾಡ್ತಾರೆ ಅಂತ ಹೇಳ್ತೀನಿ, ಇದನ್ನ ಅವರಿಗೆ ಓದಿ ಹೇಳಿ, ಅರ್ಧ ಭಯ ಗೊತ್ತಿಲ್ಲದೇ ಇರೋದ್ರಿಂದ ಬರೋದು. ಮೊದಲು ಕೂತು ಮಾತಾಡ್ತಾರೆ: ಶುರುವಲ್ಲಿ ಕೆಂಪಗೆ ಬಂತಾ, ಕೊನೆಯಲ್ಲಾ, ಪೂರ್ತಿನಾ, ಗರಣೆ ಇತ್ತಾ. ಶುರುವಲ್ಲಿ ಮಾತ್ರ ಬಂದ್ರೆ ಮೂತ್ರನಾಳದ ಕಡೆ, ಕೊನೆಯಲ್ಲಿ ಬಂದ್ರೆ ಪ್ರಾಸ್ಟೇಟ್ ಅಥವಾ ಮೂತ್ರಕೋಶದ ಕುತ್ತಿಗೆ ಕಡೆ, ಪೂರ್ತಿ ಬಂದ್ರೆ ಮೂತ್ರಕೋಶ ಇಲ್ಲಾ ಕಿಡ್ನಿ ಕಡೆ ಅಂತ ಒಂದು ಅಂದಾಜು ಸಿಗುತ್ತೆ. ಆಮೇಲೆ ಯೂರಿನ್ ಪರೀಕ್ಷೆ, ಸೋಂಕು ಇದೆಯಾ ಅಂತ ನೋಡೋ ಕಲ್ಚರ್, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ರಕ್ತದಲ್ಲಿ ಕ್ರಿಯಾಟಿನಿನ್, ಹೊಟ್ಟೆಯ ಸ್ಕ್ಯಾನಿಂಗ್. ಸ್ಕ್ಯಾನಿಂಗ್‌ಗೆ ಮೂತ್ರ ತುಂಬ್ಸಿಕೊಂಡೇ ಹೋಗ್ಬೇಕು, ಖಾಲಿ ಇದ್ರೆ ಒಳಗೋಡೆ ಸರಿಯಾಗಿ ಕಾಣಲ್ಲ. ಇಷ್ಟು ತಿಪಟೂರಲ್ಲೇ ಆಗುತ್ತೆ.

ಆದ್ರೆ ಇಲ್ಲೇ ಒಂದು ಗುಂಡಿ ಇದೆ, ಗಮನ ಇಟ್ಟು ಕೇಳಿ. ಈಗ ರಕ್ತ ನಿಂತಿರೋದ್ರಿಂದ ಯೂರಿನ್ ರಿಪೋರ್ಟ್ ನಾರ್ಮಲ್ ಬರಬಹುದು. ಸ್ಕ್ಯಾನಿಂಗಲ್ಲೂ ಚಿಕ್ಕ ಗೆಡ್ಡೆ ತಪ್ಪಿ ಹೋಗುತ್ತೆ. ಎರಡು ಕಾಗದ ಹಿಡ್ಕೊಂಡು "ನೋಡು, ಎಲ್ಲಾ ನಾರ್ಮಲ್, ಸುಮ್ನೆ ದುಡ್ಡು ದಂಡ" ಅಂತ ಮನೆಗೆ ಬಂದ್ಬಿಟ್ರೆ ಕೆಲಸ ಕೆಡ್ತು. ಈ ವಯಸ್ಸಿಗೆ, ಈ ಬೀಡಿಗೆ, ಕಣ್ಣಾರೆ ರಕ್ತ ಕಂಡ್ಮೇಲೆ ಸಿಸ್ಟೋಸ್ಕೋಪಿ (ಕ್ಯಾಮೆರಾ ಹಾಕಿ ಮೂತ್ರಕೋಶದ ಒಳಗೆ ನೋಡೋದು) ಆಗ್ಲೇಬೇಕು, ಹೆಚ್ಚಿನವರಿಗೆ ಜೊತೆಗೆ ಸಿಟಿ ಯುರೋಗ್ರಾಮೂ (ಕಿಡ್ನಿಯಿಂದ ಮೂತ್ರಕೋಶದ ತನಕ ಇಡೀ ದಾರಿ ತೋರಿಸೋ ಸಿಟಿ ಸ್ಕ್ಯಾನ್) ಬೇಕಾಗುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಕೆಲವರು "ಅದರಿಂದಲೇ ಬಂದಿದ್ದು" ಅಂತ ಬಿಟ್ಬಿಡ್ತಾರೆ, ಅದೂ ತಪ್ಪು, ಆ ಮಾತ್ರೆ ಒಳಗಿರೋ ಕಾಯಿಲೆಯ ರಕ್ತವನ್ನ ಬೇಗ ಹೊರಗೆ ತೋರಿಸಿರಬಹುದು ಅಷ್ಟೇ, ಹುಡುಕೋದು ಹುಡುಕ್ಲೇಬೇಕು.

ಸಿಸ್ಟೋಸ್ಕೋಪಿ ಅಂದ್ರೆ "ಅಲ್ಲಿ ಪೈಪ್ ಹಾಕ್ತಾರೆ" ಅಂತ ಗಂಡಸರು ಊರು ಬಿಟ್ಟು ಓಡ್ತಾರೆ. ಬಗ್ಗೋ ಅಂಥ ತೆಳು ನಳಿಗೆ, ತುದಿಯಲ್ಲಿ ಕ್ಯಾಮೆರಾ. ಮರಗಟ್ಟಿಸೋ ಜೆಲ್ಲಿ ಹಾಕಿ ಕೆಲವು ನಿಮಿಷ ಬಿಟ್ಟು ಒಳಗೆ ಬಿಡ್ತಾರೆ, ಐದರಿಂದ ಹತ್ತು ನಿಮಿಷದಲ್ಲಿ ಮುಗೀತು. ಒಂದು ಥರ ಇರುಸುಮುರುಸು ಆಗುತ್ತೆ, ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಒಂದೆರಡು ದಿನ ಉರಿ, ಸ್ವಲ್ಪ ಗುಲಾಬಿ ಬಣ್ಣ ಇರಬಹುದು. ಅದೇ ದಿನ ಮನೆಗೆ ಬರ್ತಾರೆ. ಎಷ್ಟೋ ಜನ ಮುಗಿದ್ಮೇಲೆ "ಇಷ್ಟೇನಾ ಡಾಕ್ಟ್ರೇ" ಅಂತ ಕೇಳಿದ್ದಾರೆ. ಕೆಲವು ಕಡೆ ಬಗ್ಗದ ಕೊಳವೆಯಲ್ಲಿ ನೋಡ್ತಾರೆ, ಅದಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡೋದುಂಟು, ಮೊದಲೇ ಕೇಳ್ಕೊಳ್ಳಿ.

ಅಕಸ್ಮಾತ್ ಗೆಡ್ಡೆ ಸಿಕ್ತು ಅಂತಲೇ ಇಟ್ಕೊಳ್ಳಿ. ಬೇಗ ಸಿಕ್ರೆ ಒಂದು ದಾರಿ, ತಡ ಆದ್ರೆ ಪೂರ್ತಿ ಬೇರೆ ದಾರಿ. ಒಳಪದರದಲ್ಲೇ ಇದ್ರೆ ಹೊಟ್ಟೆ ಕೊಯ್ಯೋ ಮಾತೇ ಇಲ್ಲ, ಮೂತ್ರದ ದಾರಿಯಲ್ಲೇ ಹೋಗಿ ಕೆರೆದು ತೆಗೀತಾರೆ, ಎರಡ್ಮೂರು ದಿನ ಆಸ್ಪತ್ರೆ, ಮೂತ್ರಕೋಶ ಅವರದ್ದು ಅವರಿಗೇ ಉಳಿಯುತ್ತೆ. ಮತ್ತೆ ಬರದೇ ಇರಲಿ ಅಂತ ಕೆಲವರಿಗೆ ಬಿಸಿಜಿ ಹಾಕ್ತಾರೆ, ಹೌದು, ಹುಟ್ಟಿದ ಮಕ್ಕಳಿಗೆ ಟಿಬಿ ಬರದೇ ಇರಲಿ ಅಂತ ತೋಳಿಗೆ ಚುಚ್ಚೋ ಅದೇ ಬಿಸಿಜಿ, ಇಲ್ಲಿ ಅದನ್ನ ನೀರಲ್ಲಿ ಬೆರೆಸಿ ಮೂತ್ರಕೋಶದ ಒಳಗೆ ಬಿಡೋದು, ವಾರಕ್ಕೊಂದರಂತೆ ಆರು ವಾರ. ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಿ ಗೆಡ್ಡೆ ಮೇಲೆ ಛೂ ಬಿಡೋ ಕೆಲಸ ಅದು, 1976ರಿಂದ ಬಳಕೆಯಲ್ಲಿದೆ. ಈ ಗೆಡ್ಡೆ ಮತ್ತೆ ಮತ್ತೆ ಚಿಗುರೋ ಜಾತಿ, ಅದಕ್ಕೆ ಮೊದಲಿಗೆ ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ನೋಡ್ತಾನೇ ಇರ್ಬೇಕು. ಬೀಡಿಯನ್ನ ಮಾತ್ರ ಅವತ್ತೇ ಬಿಡ್ಬೇಕು. ಅದೇ ಮಾಂಸದ ಪದರಕ್ಕೆ ಇಳಿದಿದ್ರೆ ಹೆಚ್ಚಿನವರಿಗೆ ಮೂತ್ರಕೋಶವನ್ನೇ ತೆಗೆದು, ಕರುಳಿನ ತುಂಡಿಂದ ದಾರಿ ಮಾಡಿ ಹೊಟ್ಟೆ ಮೇಲೆ ಚೀಲ ಕಟ್ಟೋ ದೊಡ್ಡ ಆಪರೇಷನ್, ಜೊತೆಗೆ ಕೀಮೋ. ಅದನ್ನ ಮಾಡಿಸ್ಕೊಂಡು ಚೆನ್ನಾಗಿ ಬದುಕಿರೋರೂ ಇದಾರೆ, ಆದ್ರೆ ಕೆಲವೇ ತಿಂಗಳ ತಡಕ್ಕೆ ಅಷ್ಟು ದೊಡ್ಡ ಬೆಲೆ ಯಾಕೆ ಕೊಡ್ಬೇಕು.

ದುಡ್ಡಿನ ಯೋಚನೆ ಇದ್ರೆ, ಮೊದಲು ತಿಪಟೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ, ಅಲ್ಲಿಂದ ತುಮಕೂರಿನ ಜಿಲ್ಲಾಸ್ಪತ್ರೆಗೋ ಬೆಂಗಳೂರಿಗೋ ಬರೆದುಕೊಡ್ತಾರೆ. ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ನೆಫ್ರೋ ಯುರಾಲಜಿ ಸಂಸ್ಥೆ ಇದೆ, ಕಿಡ್ನಿ ಮತ್ತು ಮೂತ್ರದ ಕಾಯಿಲೆಗೇ ಮೀಸಲಾದ ಸರ್ಕಾರಿ ಆಸ್ಪತ್ರೆ, ತಿಪಟೂರಿಂದ ರೈಲಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮೆಟ್ರೋ ಹತ್ತಿ ಕೆಆರ್ ಮಾರ್ಕೆಟಲ್ಲಿ ಇಳಿದ್ರೆ ಪಕ್ಕದಲ್ಲೇ. ಕ್ಯಾನ್ಸರ್ ಅಂತಲೇ ಆದ್ರೆ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತೆ, ಸರ್ಕಾರಿ ಆಸ್ಪತ್ರೆಯ ಆ ರೆಫರಲ್ ಚೀಟಿ ಅದಕ್ಕೂ ಬೇಕಾಗುತ್ತೆ, ಹಾಗಾಗಿ ಚೀಟಿ ಇಲ್ಲದೆ ನೇರ ದೊಡ್ಡ ಆಸ್ಪತ್ರೆಗೆ ಹೋಗ್ಬೇಡಿ. ಆಧಾರ್, ರೇಷನ್ ಕಾರ್ಡ್ ಎರಡೂ ಇರಲಿ.

ಮಗನ ವಿಷಯ ಬಂತಲ್ಲ, ಅವನಿಗೂ ಎರಡು ಮಾತು, ನೀವು ತಾಯಿ, ಹೇಳೋಕೆ ಮುಜುಗರ ಆದ್ರೆ ಇದನ್ನೇ ಅವನಿಗೆ ಕಳಿಸಿ. ವೃಷಣದಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ರೆ ಆ ವಾರವೇ ತೋರಿಸ್ಬೇಕು, ಹದಿನೈದರಿಂದ ಮೂವತ್ತೈದರ ಹುಡುಗರಲ್ಲಿ ಬರೋ ಕ್ಯಾನ್ಸರ್ ಅದು, ಬೇಗ ಬಂದ್ರೆ ಹೆಚ್ಚುಕಮ್ಮಿ ಎಲ್ಲರೂ ವಾಸಿ ಆಗ್ತಾರೆ. ಇನ್ನು ಇದ್ದಕ್ಕಿದ್ದಂಗೆ ಒಂದು ಕಡೆ ವೃಷಣ ವಿಪರೀತ ನೋವು, ವಾಂತಿ ಬಂದ್ರೆ ವಾರ ಅಲ್ಲ, ಗಂಟೆ ಲೆಕ್ಕ. ಅದು ತಿರುಚಿಕೊಂಡಿರುತ್ತೆ, ಸುಮಾರು ಆರು ಗಂಟೆ ಒಳಗೆ ಆಪರೇಷನ್ ಆದ್ರೆ ಉಳಿಯುತ್ತೆ, ಅಮ್ಮನಿಗೆ ಹೆಂಗೆ ಹೇಳೋದು ಅಂತ ಬೆಳಗಿನ ತನಕ ಹಲ್ಲು ಕಚ್ಚಿಕೊಂಡು ಮಲಗಿದ ಹುಡುಗರದ್ದನ್ನ ತೆಗೆದುಹಾಕ್ಬೇಕಾಗಿ ಬಂದಾಗ ನನಗೆ ಆಗೋ ಸಂಕಟ ಹೇಳೋಕಾಗಲ್ಲ. ಮಂಡಿಯಲ್ಲಿ ಅವರ ಜೊತೆ ಕೆಲಸ ಮಾಡೋರಿಗೂ ಹೇಳಿ: ಅಡಿಕೆ, ಗುಟ್ಕಾ ಹಾಕೋರ ಬಾಯಲ್ಲಿ ಎರಡ್ಮೂರು ವಾರ ಆದ್ರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಮೂರು ಬೆರಳು ಉದ್ದಕ್ಕೆ ಇಡೋಕೂ ಬಾಯಿ ತೆರೆಯದೇ ಇರೋದು, ಇವಕ್ಕೂ ಉಷ್ಣ ಅಂತಲೇ ಹೆಸರಿಡ್ತಾರೆ. ಎದೆ ಒತ್ತಿದ ಹಾಗೆ ಆಗಿ ಬೆವರು ಬಂದ್ರೆ ಗ್ಯಾಸ್ ಅಂತ ಸೋಡಾ ಕುಡಿಯೋ ಬದಲು ಇಸಿಜಿ ಇರೋ ಕಡೆ ಆ ಕ್ಷಣ ಹೋಗ್ಬೇಕು.

ಇನ್ನು ಕದ್ದು ಟೆಸ್ಟ್ ಮಾಡಿಸ್ಬಹುದಾ ಅಂತ ಕೇಳಿದ್ರಿ. ನಿಮ್ಮ ಆತಂಕ ಅರ್ಥ ಆಗುತ್ತೆ, ಆದ್ರೆ ಬೇಡಮ್ಮ. ಮೇಲೆ ಹೇಳಿದ ಹಾಗೆ ಅದು ನಾರ್ಮಲ್ ಬರೋ ಸಾಧ್ಯತೆ ಇದೆ, ಆಮೇಲೆ ಅವರಿಗೆ ಗೊತ್ತಾದ್ರೆ ಅದೇ ಕಾಗದ ನಿಮ್ಮ ಮುಂದೆ ಹಿಡೀತಾರೆ, ಮುಂದೆ ನೀವು ಏನು ಹೇಳಿದ್ರೂ ಕೇಳಲ್ಲ. ಎಲ್ಲರ ಎದುರು ಹೇಳ್ಬೇಡಿ, ಬೀಡಿಯ ಜಗಳವನ್ನ ಈಗ ಎತ್ಬೇಡಿ. ರಾತ್ರಿ ಊಟ ಆದ್ಮೇಲೆ ಇಬ್ಬರೇ ಇದ್ದಾಗ, ನಿಮಗೆ ನಿದ್ದೆ ಬರ್ತಿಲ್ಲ ಅನ್ನೋದನ್ನ ಹೇಳಿ, ಅದು ನಿಜ ತಾನೆ. ಡಾಕ್ಟ್ರು ಬರೆದಿದ್ದಾರೆ ಅಂತ ಇದನ್ನ ತೋರಿಸಿ. ಮಂಡಿಗೆ ರಜ ಇರೋ ದಿನ ನೋಡಿ, ಒಂದೇ ದಿನ, ಒಂದೇ ಸಲ ನನ್ನ ಮಾತು ಕೇಳಿ ಅನ್ನಿ. ಮೂರ್ನಾಲ್ಕು ದಿನದಲ್ಲಿ ಒಪ್ಪದೇ ಇದ್ರೆ ಮಗನಿಗೆ ಹೇಳಿ, ಹೇಳ್ತೀನಿ ಅಂತ ಅವರಿಗೂ ಮೊದಲೇ ಹೇಳಿಬಿಟ್ಟು ಹೇಳಿ, ಬೆನ್ನ ಹಿಂದೆ ಬೇಡ. ಎಷ್ಟೋ ಸಲ ಹೆಂಡತಿಗೆ ರೇಗೋ ಗಂಡಸು ಮಗ ಬಂದು "ಬಾ ಅಪ್ಪ ಹೋಗೋಣ" ಅಂದ್ರೆ ಸುಮ್ನೆ ಚಪ್ಪಲಿ ಹಾಕ್ಕೊಂಡು ಹೊರಡ್ತಾರೆ.

ಅಷ್ಟರಲ್ಲಿ ಮತ್ತೆ ಕೆಂಪಗೆ ಬಂದ್ರೆ ಒಂದು ಪಾರದರ್ಶಕ ಲೋಟದಲ್ಲಿ ಹಿಡಿದು ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳೋಕೆ ಹೇಳಿ, ತಾರೀಖು ಬರೆದಿಟ್ಕೊಳ್ಳಿ, ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಡಾಕ್ಟ್ರಿಗೆ ಆ ಫೋಟೋ ತೋರಿಸಿದ್ರೂ ಸಾಕು. ಗರಣೆ ಬಂದು ಒಂದಕ್ಕೆ ಕಟ್ಟಿಕೊಂಡ್ರೆ, ಕಿಬ್ಬೊಟ್ಟೆ ಉಬ್ಬಿ ನೋವು ಬಂದ್ರೆ, ಇಲ್ಲಾ ತಲೆಸುತ್ತು ಬಂದ್ರೆ ಬೆಳಗಾಗೋ ತನಕ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ರಿಪೋರ್ಟ್ ಬಂದ್ಮೇಲೆ ಏನು ಹೇಳಿದ್ರು ಅಂತ ನನಗೆ ಬರೀರಿ, ಕಾಯ್ತಿರ್ತೀನಿ.